ತಾಳ ಅಂದ್ರೆ ಬರೀ 'ಢಣ್' ಅಲ್ಲ ಸ್ವಾಮೀ!

ಬಹಳ ದಿನದಿಂದ ಡ್ರಾಫ್ಟಿನಲ್ಲೇ ಬಿದ್ದಿದ್ದ ವಿಷಯ ಇದು. ಆಫೀಸಿನಲ್ಲಿ ರಿಲೀಸ್ ಮುಗೀತು, ಇವತ್ತು ಶನಿವಾರ, ಸಿಟ್ಟು ಇನ್ನೂ ಬಿಸಿಯಾಗೇ ಇದೆ. ಬರೆದು ಬಿಡ್ತೀನಿ. ಸ್ವಲ್ಪ ಉದ್ದ ಆಗಬಹುದು, ಚಾ ಪಕ್ಕಕ್ಕಿಟ್ಕೊಂಡು ಓದಿ.

'ಜಾನಪದ ಫ್ಯೂಷನ್' ಅನ್ನೋ ಹೆಸರಲ್ಲಿ ವೇದಿಕೆಗಳ ಮೇಲೆ ನಡೀತಿರೋದನ್ನ ನೀವೂ ನೋಡಿರ್ತೀರಿ. ಹಿಂದೆ ಒಂದು ಡ್ರಮ್ ಕಿಟ್, ಪಕ್ಕದಲ್ಲಿ ಬೇಸ್ ಗಿಟಾರು, ಕೀಬೋರ್ಡು, ಮುಂದೆ ನಾಲ್ಕು ಡೊಳ್ಳು. ಡೊಳ್ಳಿನ ಪಕ್ಕ ರುಮಾಲು ಸುತ್ತಿದ ಒಬ್ಬ ತಾಳದವನು. ಪಲ್ಲವಿ ಶುರುವಾಗೋ ಹೊತ್ತಿಗೆ ಅವನ ಮೇಲೆ ಲೈಟು ಬೀಳುತ್ತೆ. ಎರಡೂ ಕೈ ತಲೆ ಮೇಲೆ ಎತ್ತಿ 'ಢಣ್' ಅನ್ನಿಸ್ತಾನೆ. ಜನ ಶಿಳ್ಳೆ ಹೊಡೀತಾರೆ, ಮೊಬೈಲುಗಳು ಮೇಲೆ ಏಳ್ತವೆ. ಆಮೇಲೆ ಮುಂದಿನ ಪಲ್ಲವಿ ಬರೋ ತನಕ ಅವನು ಎರಡು ಬಿಲ್ಲೆ ಎದೆಗೆ ಒತ್ತಿಕೊಂಡು ಸುಮ್ಮನೆ ನಿಂತಿರ್ತಾನೆ, ಫೋಟೋದಲ್ಲಿ ಚೆನ್ನಾಗಿ ಕಾಣ್ಲಿ ಅಂತ.

ನನ್ನ ಜಗಳ ಇರೋದು ಈ 'ಢಣ್' ಜೊತೆ. ಫ್ಯೂಷನ್ ಮಾಡ್ಬೇಡಿ ಅಂತ ನಾನು ಹೇಳ್ತಿಲ್ಲ, ನಾನೇ ವಾರಕ್ಕೆರಡು ದಿನ ಬೆಂಗಳೂರಲ್ಲಿ ಗೆಳೆಯರ ಜೊತೆ ಸೆಕೆಂಡ್ ಹ್ಯಾಂಡ್ ಕಿಟ್ ಬಡಿಯೋ ಮನುಷ್ಯ. ಡ್ರಮ್ಮರ್‌ಗಳ ಭಾಷೆಯಲ್ಲೇ ಹೇಳ್ತೀನಿ: ನಮ್ಮ ತಾಳ ರೈಡ್ ಸಿಂಬಲ್ಲಿನ ಕೆಲಸ ಮಾಡೋ ವಾದ್ಯ. ನೀವದನ್ನ ಕ್ರ್ಯಾಶ್ ಮಾಡಿ ಕೂರಿಸಿದ್ದೀರಿ.

ಡ್ರಮ್ಮಿನ ಗಂಧಗಾಳಿ ಇಲ್ಲದವರಿಗೆ ಒಂದೆರಡು ಮಾತು. ಡ್ರಮ್ ಕಿಟ್ಟಿನಲ್ಲಿ ಸ್ಟ್ಯಾಂಡಿನ ಮೇಲೆ ತಟ್ಟೆ ಥರ ಕಾಣೋ ಕಂಚಿನ ಬಿಲ್ಲೆಗಳೇ ಸಿಂಬಲ್ಲುಗಳು. ದೂರದಿಂದ ಎಲ್ಲಾ ಒಂದೇ ಥರ ಕಾಣ್ತವೆ. ಅದರಲ್ಲಿ ಕ್ರ್ಯಾಶ್ ಸಾಮಾನ್ಯವಾಗಿ 16ರಿಂದ 18 ಇಂಚು, ತೆಳು. ಸ್ಟಿಕ್ಕಿನ ಭುಜದಿಂದ ಅಂಚಿಗೆ ಬೀಸಿ ಹೊಡೆದರೆ ಒಮ್ಮೆಲೇ ಸಿಡಿದು, ಬೇಗ ಆರಿ ಹೋಗುತ್ತೆ. ಹಾಡು ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ದಾಟುವಾಗ ಬಾಗಿಲು ದಡಾರನೆ ತೆಗೆದ ಹಾಗೆ. ರೈಡ್ 20ರಿಂದ 22 ಇಂಚು, ದಪ್ಪ, ನಡುವೆ ದೊಡ್ಡ ಉಬ್ಬು. ಅದರ ಮೈಮೇಲೆ ಸ್ಟಿಕ್ಕಿನ ತುದಿಯಿಂದ ಹಾಡಿನುದ್ದಕ್ಕೂ 'ಟಿಂ... ಟಿಂಗ ಟಿಂ' ಅಂತ ತಟ್ತಾ ಹೋಗ್ತಾರೆ. ಯಾರೂ ಅದನ್ನ ಬೇರೆಯಾಗಿ ಗಮನಿಸೋದಿಲ್ಲ. ನಿಲ್ಲಿಸಿ ನೋಡಿ, ಹಾಡು ಕುಂಟುತ್ತೆ.

ವ್ಯತ್ಯಾಸ ಗಾತ್ರದ್ದಷ್ಟೇ ಅಲ್ಲ. ತೆಳು ತಗಡಿಗೆ ಜೋರಾಗಿ ಹೊಡೆದಾಗ ಮೊದಲು ಕೆಳಗಿನ ಕಂಪನಗಳು ಏಳ್ತವೆ, ಹತ್ತಾರು ಮಿಲಿಸೆಕೆಂಡಿನಲ್ಲಿ ಆ ಶಕ್ತಿ ಮೇಲಿನ ನೂರಾರು ಕಂಪನಗಳಿಗೆ ಹಂಚಿ ಹೋಗುತ್ತೆ. ಆಗ ಕೇಳೋದೇ ಆ 'ಛಶ್ಶ್'. ಇಂಥದೇ ಸ್ವರ ಅಂತ ಹೇಳೋಕಾಗಲ್ಲ, ಗದ್ದಲ. ದಪ್ಪ ಬಿಲ್ಲೆ ಇದಕ್ಕೆ ಅಷ್ಟು ಸುಲಭಕ್ಕೆ ಬಗ್ಗೋದಿಲ್ಲ. ಪ್ರತಿ ಏಟಿನ ಚೂಪು ಮೊನೆ ಉಳಿಯುತ್ತೆ, ಹಿಂದಿನ ಏಟಿನ ಗುಂಯ್ ಅನ್ನೋ ನಾದ ಅದರ ಕೆಳಗೆ ಚಾಪೆ ಹಾಸಿದ ಹಾಗೆ ಇರುತ್ತೆ. ಲೆಕ್ಕ ಹಿಡಿಯೋರಿಗೆ ಬೇಕಾಗಿರೋದು ಆ ಮೊನೆ. ಮಂಡ್ಯದ ಕಡೆ ಹುಡುಗ ಒಬ್ಬ ನಮ್ಮ ಬ್ಯಾಂಡಿಗೆ ಹೊಸದಾಗಿ ಸೇರಿದ, ಮೂರು ಕ್ರ್ಯಾಶ್ ತಗೊಂಡು ಬಂದಿದ್ದ, ರೈಡ್ ಇಲ್ಲ! ಕೇಳಿದ್ರೆ "ಕ್ರ್ಯಾಶ್ ಮೇಲೇ ರೈಡ್ ಮಾಡ್ತೀನಿ ಬಿಡಿ" ಅಂದ. ರಾಕ್‌ನಲ್ಲಿ ಹಾಗೆ ಮಾಡೋರಿದ್ದಾರೆ, ನಿಜ. ಆದ್ರೆ ಹತ್ತು ನಿಮಿಷ ಹಾಗೆ ಬಾರಿಸಿದ ಮೇಲೆ ಹಾಡುಗಾರ ಏನು ಹಾಡಿದ ಅಂತ ಅವನ ತಾಯಿಗೂ ಕೇಳಿಸಲ್ಲ.

ಈಗ ತಾಳಕ್ಕೆ ಬರ್ತೀನಿ.

ತಾಳಕ್ಕೂ ಈ ಸಿಂಬಲ್ಲಿಗೂ ಇರೋ ನೆಂಟಸ್ತಿಕೆ ನನ್ನ ಕಲ್ಪನೆ ಅಲ್ಲ. ಒಳ್ಳೆ ಸಿಂಬಲ್ಲುಗಳ ಲೋಹ ಸುಮಾರು 80 ಪಾಲು ತಾಮ್ರ, 20 ಪಾಲು ತವರ. ಅಂದ್ರೆ ಕಂಚು. ನಮ್ಮ ದೇವಸ್ಥಾನದ ಗಂಟೆ, ತಾಳಗಳದ್ದೂ ಹೆಚ್ಚುಕಡಿಮೆ ಅದೇ ಕುಲ. 'ಕಂಸಾಳೆ' ಅನ್ನೋ ಹೆಸರೇ ಕಾಂಸ್ಯತಾಳದಿಂದ ಬಂದದ್ದು. ಜಗತ್ತಿನ ಡ್ರಮ್ಮರ್‌ಗಳೆಲ್ಲ ಜಪಿಸೋ ಜಿಲ್ಡಿಯನ್ ಕಂಪನಿ 1623ರಲ್ಲಿ ಶುರುವಾಗಿದ್ದು ಕಾನ್‌ಸ್ಟಾಂಟಿನೋಪಲಿನಲ್ಲಿ, ಒಬ್ಬ ಆರ್ಮೇನಿಯನ್ ಕಂಚುಗಾರನಿಂದ. ಟರ್ಕಿ ಭಾಷೆಯಲ್ಲಿ 'ಜಿಲ್' ಅಂದ್ರೆ ತಾಳ, ಜಿಲ್ಡಿಯನ್ ಅಂದ್ರೆ ತಾಳ ಮಾಡೋನ ಮಗ. ಅಮೆರಿಕಕ್ಕೆ ಆ ಕಸುಬು ಬಂದದ್ದು 1929ರಲ್ಲಿ. ಹಾಗಾಗಿ "ಇದು ವೆಸ್ಟರ್ನ್, ಅದು ಫೋಕ್" ಅಂತ ಎರಡು ಡಬ್ಬಿ ಮಾಡಿ ಇಡೋರನ್ನ ಕಂಡ್ರೆ ನನಗೆ ನಗು ಬರುತ್ತೆ. ಒಂದೇ ಕುಲುಮೆಯ ಮಕ್ಕಳು, ಬೇರೆ ಬೇರೆ ಊರಿಗೆ ಹೋಗಿದ್ದಾರೆ ಅಷ್ಟೆ.

ಕೆಲಸದ ಮಾತಿಗೆ ಬಂದ್ರೆ ನಮ್ಮವರು ಇದನ್ನ ಎಷ್ಟೋ ಶತಮಾನದ ಹಿಂದೆಯೇ ಇತ್ಯರ್ಥ ಮಾಡಿಟ್ಟಿದ್ದಾರೆ. ಭರತನ ನಾಟ್ಯಶಾಸ್ತ್ರ ವಾದ್ಯಗಳನ್ನ ನಾಲ್ಕು ಗುಂಪು ಮಾಡುತ್ತಲ್ಲ - ತತ, ಸುಷಿರ, ಅವನದ್ಧ, ಘನ - ಅದರಲ್ಲಿ ಘನ ಅಂದ್ರೆ ತಾಳವೇ ಅಂತ ಗುರುತಿಸುತ್ತೆ. ವಾದ್ಯಕ್ಕೂ, ಕಾಲದ ಲೆಕ್ಕಕ್ಕೂ ನಮ್ಮಲ್ಲಿ ಒಂದೇ ಹೆಸರು! ಆದಿತಾಳ ಅನ್ನೋ ತಾಳವೂ ಅದೇ, ಕೈಯಲ್ಲಿ ಹಿಡಿಯೋ ತಾಳವೂ ಅದೇ. ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳೋದು? ಭರತನಾಟ್ಯದಲ್ಲಿ ನಟ್ಟುವಾಂಗದವರ ಕೈ ನೋಡಿ. ತೆಂಕುತಿಟ್ಟಿನ ಯಕ್ಷಗಾನದಲ್ಲಿ ಚಂಡೆ ಮದ್ದಳೆಗಳ ಜೊತೆ ಚಕ್ರತಾಳದವರು ರಾತ್ರಿಯೆಲ್ಲ ಏನು ಮಾಡ್ತಾರೆ ಅಂತ ಕಾಸರಗೋಡು ಕಡೆಯ ಮಿತ್ರರನ್ನ ಕೇಳಿ. ಮಲೆ ಮಾದಪ್ಪನ ಕಥೆ ಹಾಡೋ ದೇವರಗುಡ್ಡರು ಎಡಗೈಯಲ್ಲಿ ಬಟ್ಟಲು, ಬಲಗೈಯಲ್ಲಿ ಗೊಂಡೆ ಕಟ್ಟಿದ ಬಿಲ್ಲೆ ಹಿಡಿದು ಬೆಳಗಿನವರೆಗೆ ಕಾವ್ಯ ನಡೆಸ್ತಾರೆ. ಕಥೆ ಸಾಗೋದು ಆ ಕಂಸಾಳೆ ಮೇಲೇರಿ. ಟೀವಿಗೆ ಬರೋ ಹೊತ್ತಿಗೆ ಏನಾಗಿದೆ? ಮೂರು ನಿಮಿಷದ ಬೀಸು ಕಂಸಾಳೆ, ಒಬ್ಬರ ಮೇಲೊಬ್ಬರು ಹತ್ತಿ ಪಿರಮಿಡ್ಡು, ಕೊನೆಗೊಂದು ಢಣ್. ಕಥೆ ಎಲ್ಲಿ ಹೋಯ್ತು ಅಂತ ಕೇಳೋ ಹಾಗಿಲ್ಲ.

ಇಲ್ಲಿ ಡ್ರಮ್ಮರ್ ಮಿತ್ರರು ಒಂದು ತಕರಾರು ತೆಗೀತಾರೆ ಅಂತ ಗೊತ್ತು. "ಗುರುವೇ, ತಾಳ ಜೋಡಿ ಬಿಲ್ಲೆ, ಅದು ಹೈ-ಹ್ಯಾಟ್ ಇದ್ದ ಹಾಗೆ. ರೈಡ್ ಒಂಟಿ." ಸರಿ, ಒಪ್ಪಿದೆ. ಹೈ-ಹ್ಯಾಟ್ ಅಂದ್ರೆ ಪೆಡಲ್ಲಿಗೆ ಕೂರಿಸಿದ ಒಂದು ಜೊತೆ ತಾಳವೇ. ಆದ್ರೆ ಜಾಜ್ ಚರಿತ್ರೆ ಏನು ಹೇಳುತ್ತೆ? 1930ರ ದಶಕದಲ್ಲಿ ಕೌಂಟ್ ಬೇಸಿಯ ತಂಡದಲ್ಲಿ ಜೋ ಜೋನ್ಸ್ ಲಯವನ್ನ ಹೈ-ಹ್ಯಾಟ್ ಮೇಲೆ ಹಿಡಿದ. 1940ರ ಆಸುಪಾಸು ಕೆನ್ನಿ ಕ್ಲಾರ್ಕ್ ಅದನ್ನ ರೈಡ್ ಸಿಂಬಲ್ಲಿಗೆ ಸಾಗಿಸಿದ. ಅದಕ್ಕೂ ಮುಂಚೆ ಲೆಕ್ಕ ಇದ್ದದ್ದು ಕಾಲಲ್ಲಿ ಒದೆಯೋ ಬೇಸ್ ಡ್ರಮ್ಮಿನಲ್ಲಿ. ಅಂದ್ರೆ ಚರ್ಮದಿಂದ ಕಂಚಿಗೆ ಲಯ ವರ್ಗಾವಣೆ ಆದ ಮೇಲೆ ಜಾಜ್‌ಗೆ ಹೊಸ ಉಸಿರು ಬಂತು. ಕಂಚು ಕಾಲ ಹಿಡಿಯಲಿ, ಚರ್ಮ ಮಾತಾಡಲಿ. ನಮ್ಮ ಭಜನೆಯ ತಾಳ-ದಪ್ಪು, ಯಕ್ಷಗಾನದ ಚಕ್ರತಾಳ-ಚಂಡೆ, ಎಲ್ಲದರಲ್ಲೂ ಇದೇ ಏರ್ಪಾಡು. ಅಲ್ಲಿನವರು ಹುಡುಕಿಕೊಂಡು ಬಂದ ಜಾಗದಲ್ಲಿ ನಾವು ಮೊದಲೇ ಕೂತಿದ್ವಿ. ಈಗ ಫ್ಯೂಷನ್ ಹೆಸರಲ್ಲಿ ಎದ್ದು ಹೋಗ್ತಾ ಇದ್ದೀವಿ.

ನಮ್ಮಲ್ಲಿ ಕ್ರ್ಯಾಶ್ ಇಲ್ಲವೇ ಇಲ್ಲ ಅಂತಲ್ಲ. ಮಹಾಮಂಗಳಾರತಿ ಹೊತ್ತಿಗೆ ಜಾಗಟೆ, ಗಂಟೆ, ಶಂಖ, ನಗಾರಿ ಎಲ್ಲ ಒಟ್ಟಿಗೆ ಏಳುತ್ತಲ್ಲ, ಅದು ಅಪ್ಪಟ ಕ್ರ್ಯಾಶ್. ಮೈ ಜುಮ್ಮೆನ್ನುತ್ತೆ. ಆದ್ರೆ ಅದಕ್ಕೂ ಮುಂಚೆ ಒಂದು ತಾಸು ಭಜನೆ ಆಗಿರುತ್ತೆ, ಆ ಒಂದು ತಾಸು ತಾಳ ಬಿಟ್ಟೂ ಬಿಡದೆ ನಡೆದಿರುತ್ತೆ, ಅದಕ್ಕೇ ಆ ಕ್ಷಣಕ್ಕೆ ಬೆಲೆ. ಬೆಳಿಗ್ಗೆಯಿಂದ ಸಂಜೆವರೆಗೆ ಮಂಗಳಾರತಿಯೇ ಮಾಡಿದ್ರೆ ಕರ್ಪೂರದ ಅಂಗಡಿಯವನಿಗೆ ಮಾತ್ರ ಲಾಭ :)

(ಆ ಮೋಟಾರ್ ನಗಾರಿ ಬಗ್ಗೆ ಹೇಳ್ದೇ ಮುಂದೆ ಹೋಗೋಕೆ ಮನಸ್ಸಾಗ್ತಿಲ್ಲ. ಸ್ವಿಚ್ ಹಾಕಿದ್ರೆ ನಗಾರಿ, ಗಂಟೆ, ಜಾಗಟೆ ಎಲ್ಲ ತಾವೇ ಬಡ್ಕೊಳ್ಳೋ ಆ ಯಂತ್ರ. ಕರೆಂಟು ಹೋದ್ರೆ ದೇವರಿಗೆ ಆರತಿ ಮೌನದಲ್ಲಿ. ಅದು ರೈಡೂ ಅಲ್ಲ, ಕ್ರ್ಯಾಶೂ ಅಲ್ಲ, ಮಿಕ್ಸರ್.)

ಇಷ್ಟೆಲ್ಲ ಸಿಟ್ಟು ಯಾಕೆ ಅಂದ್ರೆ, ನಾನು ಗಂಗಾವತಿ ಕಡೆಯವನು. ಹೇಮಗುಡ್ಡದ ಹೆಸರು ನಿಮ್ಮಲ್ಲಿ ಕೆಲವರಿಗಾದ್ರೂ ಗೊತ್ತಿರಬಹುದು. ಗುಡ್ಡ, ಹಳೇ ಕೋಟೆ, ದುರ್ಗಾಪರಮೇಶ್ವರಿ ಗುಡಿ. ಗಂಡುಗಲಿ ಕುಮಾರರಾಮನ ಕುಮ್ಮಟದುರ್ಗ ಅಲ್ಲೇ ಹತ್ತಿರ. ತುಂಗಭದ್ರೆ ದಾಟಿದ್ರೆ ಹಂಪಿ. ದಸರಾಕ್ಕೆ ಹೇಮಗುಡ್ಡದಲ್ಲಿ ದೇವಿಯನ್ನ ಆನೆ ಮೇಲೆ ಕೂರಿಸಿ ಮೆರವಣಿಗೆ ಮಾಡ್ತಾರೆ. ಮೈಸೂರಿನಷ್ಟು ಕ್ಯಾಮೆರಾ ಇರೋದಿಲ್ಲ, ಅದೇ ಒಳ್ಳೇದು. ಡೊಳ್ಳಿನ ಸದ್ದು ಗುಡ್ಡಕ್ಕೆ ಬಡಿದು ವಾಪಸ್ ಬರುತ್ತೆ.

ಮೆರವಣಿಗೆಯಲ್ಲಿ ತಾಳ ಏನು ಮಾಡುತ್ತೆ ಅಂತ ಸ್ವಲ್ಪ ಇಂಜಿನಿಯರ್ ಬುದ್ಧಿ ಓಡಿಸ್ತೀನಿ, ತಾಳ್ಮೆ ಇರಲಿ. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. ಡೊಳ್ಳಿನವರು ಸಾಲಾಗಿ ನಡೆಯುವಾಗ ಮೊದಲಿನವನಿಗೂ ಕೊನೆಯವನಿಗೂ 17 ಮೀಟರ್ ಅಂತರ ಇದೆ ಅಂದ್ಕೊಳ್ಳಿ. ಮೊದಲಿನವನ ಏಟು ಕೊನೆಯವನಿಗೆ ಮುಟ್ಟೋದು 50 ಮಿಲಿಸೆಕೆಂಡು ತಡವಾಗಿ. ಡೊಳ್ಳಿನ 'ಧಿಂ' ದಪ್ಪ ಸದ್ದು, ಅದರ ಮೊನೆ ಎಲ್ಲಿ ಅಂತ ಕಿವಿ ಸರಿಯಾಗಿ ಹಿಡಿಯೋದಿಲ್ಲ, ಗುಡ್ಡದ ಪ್ರತಿಧ್ವನಿ ಬೇರೆ ಸೇರ್ಕೊಳ್ಳುತ್ತೆ. ತಾಳದವರು ಸಾಲಿನ ನಡುವೆ ನಿಲ್ಲೋದು ಅದಕ್ಕೇ. ನಡುವಿನಿಂದ ಎರಡೂ ತುದಿಗೆ ದೂರ ಅರ್ಧ, ತಡವೂ ಅರ್ಧ. ನಮ್ಮ ಕಿವಿ ಅತಿ ಚುರುಕಾಗಿರೋದು 2ರಿಂದ 5 ಸಾವಿರ ಹರ್ಟ್ಜ್ ನಡುವೆ, ಕಂಚಿನ 'ಟಿಣ್' ಧಾರಾಳವಾಗಿ ಹರಡೋದೂ ಅಲ್ಲೇ. ಹನ್ನೆರಡು ಡೊಳ್ಳಿನ ಅಬ್ಬರವನ್ನ ಅಂಗೈ ಅಗಲದ ಎರಡು ಬಿಲ್ಲೆ ಸೀಳಿಕೊಂಡು ಹೋಗುತ್ತೆ. ಯಾವ ಕಾಲೇಜಿನಲ್ಲೂ ಓದದ ನಮ್ಮ ಹಿರಿಯರು ಮಾಡಿಟ್ಟ ಕ್ಲಾಕ್ ಸಿಂಕ್ರೊನೈಸೇಶನ್ ಇದು. ಇದನ್ನ ತೆಗೆದು ಹಾಕಿದ್ರೆ ಸಿಸ್ಟಮ್ ಕ್ರ್ಯಾಶ್ ಆಗುತ್ತೆ, ಎರಡೂ ಅರ್ಥದಲ್ಲಿ.

ಒಂದು ಸಲ ಊರಿಗೆ ಹೋದಾಗ ನಮ್ಮ ಕಡೆಯ ಮೇಳವೊಂದರ ತಾಳದ ಹಿರಿಯರು ಸಿಕ್ಕಿದ್ದರು. ಬೆಂಗಳೂರಿಗೆ ಒಂದು ಫ್ಯೂಷನ್ ಶೋಗೆ ಹೋಗಿ ಬಂದಿದ್ದರು.

"ಕಾಕಾ, ಪ್ರೋಗ್ರಾಂ ಹೆಂಗಾತ್ರಿ?" ಅಂದೆ.

"ಬಾರ್ಸಾಕ ಕರದಿದ್ರಪಾ, ನಿಂದ್ರಾಕ ಹಚ್ಚಿದ್ರು. ಆರು ಸಲ ಬಡಿ ಅಂದ್ರು. ಆರು ಸಲ ಬಡದು ರೊಕ್ಕ ಇಸ್ಕೊಂಡು ಬಂದೆ. ಆದ್ರ ನಡುವ ಡೊಳ್ಳಿನ ಹುಡುಗ್ರು ದಾರಿ ತಪ್ಪಿದ್ರು ನೋಡು. ಹಿಡಿಯಾಕ ಯಾರೂ ಇರಲಿಲ್ಲ."

"ಮತ್ತ ಡ್ರಮ್ಮಿನ ಹುಡುಗ ಇದ್ನಲ್ರಿ?"

"ಇದ್ದ. ಅವ ಕಿವ್ಯಾಗ ಏನೋ ತುರ್ಕೊಂಡಿದ್ದ, ಅವಗ ಅದು ಲೆಕ್ಕ ಹೇಳತಿತ್ತಂತ. ನಮಗ ಯಾರು ಹೇಳಬೇಕು ತಮ್ಮಾ?"

ಕ್ಲಿಕ್ ಟ್ರ್ಯಾಕ್ ಮಾರಾಯ್ರೇ! ಡ್ರಮ್ಮರ್ ಕಿವಿಗೆ ಮಾತ್ರ ಕೇಳೋ ಟಕ್ ಟಕ್. ಇಡೀ ಮೇಳಕ್ಕೆ ಕೇಳಿಸ್ತಾ ಇದ್ದ ಲಯವನ್ನ ಕಿತ್ತು, ಒಬ್ಬನ ಕಿವಿಯೊಳಗೆ ಬಚ್ಚಿಟ್ಟು, ಆಮೇಲೆ "ಈ ಫೋಕ್ ಆರ್ಟಿಸ್ಟುಗಳಿಗೆ ಟೈಮಿಂಗ್ ಇಲ್ಲ" ಅಂತ ಸೌಂಡ್ ಚೆಕ್‌ನಲ್ಲಿ ಮುಖ ಸಿಂಡರಿಸೋದು. ಈ ಮಾತನ್ನ ನಾನು ಕಿವಿಯಾರೆ ಕೇಳಿದ್ದೀನಿ, ಒಂದಲ್ಲ, ಎರಡು ಕಡೆ. ಟೈಮಿಂಗ್ ಇರೋ ಮನುಷ್ಯನನ್ನ ಎದೆಗೆ ಬಿಲ್ಲೆ ಒತ್ತಿಕೊಂಡು ನಿಂತ್ಕೋ ಅಂದವರು ಯಾರು?

ಇನ್ನೂ ಕೆಟ್ಟದ್ದು ಮುಂದಿದೆ. ಮರುವರ್ಷ ಅದೇ ಮೇಳಕ್ಕೆ ಕರೆ ಬಂತಂತೆ: "ಡೊಳ್ಳಿನವರು ಎಂಟು ಮಂದಿ ಬರ್ರಿ, ತಾಳದವರು ಬ್ಯಾಡ, ಬಜೆಟ್ ಇಲ್ಲ." ಕರೆಯೋರ ದೃಷ್ಟಿಯಲ್ಲಿ ಲೆಕ್ಕ ಸರಿಯಾಗೇ ಇದೆ. ಆರು ಢಣ್‌ಗೆ ಒಬ್ಬ ಮನುಷ್ಯನ ಬಸ್ ಚಾರ್ಜು, ಊಟ, ಸಂಭಾವನೆ ಯಾಕೆ ಕೊಡಬೇಕು? ಆ ಢಣ್ ಅನ್ನ ಡ್ರಮ್ಮರ್ ತನ್ನ ಕ್ರ್ಯಾಶ್ ಮೇಲೆ ಹೊಡೀತಾನೆ, ಇನ್ನೂ ಜೋರಾಗಿ. ನಾನು ಹೇಳ್ತಿರೋದು ಇದೇ. ಮೊದಲು ಕೆಲಸ ಕಿತ್ಕೊಂಡ್ರು, ಆಮೇಲೆ "ಇವನಿಗೇನು ಕೆಲಸ ಇದೆ?" ಅಂತ ಕೇಳಿದ್ರು. ಸಾಫ್ಟ್‌ವೇರಿನಲ್ಲಿರೋ ನಮಗೆ ಈ ತಂತ್ರ ಚೆನ್ನಾಗೇ ಪರಿಚಯ, ಅಲ್ವಾ?

ಹಂಪಿಗೆ ಹೋದಾಗ, ಬೇಲೂರಿಗೆ ಹೋದಾಗ ಒಂದು ಕೆಲಸ ಮಾಡಿ. ಕುಣಿಯೋ ಶಿಲ್ಪದ ಅಕ್ಕಪಕ್ಕ ನೋಡಿ. ಮದ್ದಳೆಯವನೊಬ್ಬ, ತಾಳದವನೊಬ್ಬ, ಎಷ್ಟೋ ಕಡೆ ಇರ್ತಾರೆ. ಗೇಣುದ್ದದ ಕಲ್ಲಿನಲ್ಲೂ ಆ ಶಿಲ್ಪಿ ತಾಳದವನಿಗೆ ಜಾಗ ಹೊಂದಿಸಿದ್ದಾನೆ. ನಲವತ್ತು ಅಡಿ ಸ್ಟೇಜಿನಲ್ಲಿ ನಮ್ಮ ಈವೆಂಟ್ ಮ್ಯಾನೇಜರಿಗೆ ಜಾಗ ಸಾಲ್ತಿಲ್ಲ.

"ಹಾಡು ಕೇಳೋಕೆ ಬರೋ ಜನಕ್ಕೆ ಇದೆಲ್ಲ ಬೇಕಿಲ್ಲ, ಅವರಿಗೆ ಕಿಕ್ ಬೇಕು" ಅನ್ನೋರಿದ್ದಾರೆ. ಜನರನ್ನ ಇಷ್ಟು ಹಗುರವಾಗಿ ತಗೋಬೇಡಿ. ಕೇರಳದ ಪೂರಂಗಳಲ್ಲಿ ಚೆಂಡೆ ಮೇಳದ ಹಿಂದೆ ಸಾಲುಸಾಲು ಇಲತ್ತಾಳದವರು ನಿಂತು ಗಂಟೆಗಟ್ಟಲೆ ಲಯ ಹಿಡೀತಾರೆ, ಎದುರಿಗಿರೋ ಸಾವಿರಾರು ಜನ ಕೈಯೆತ್ತಿ ಬೀಸೋದು ಆ ಲಯಕ್ಕೆ. ಯಾರೂ ಕಿಕ್ ಬಂದಿಲ್ಲ ಅಂತ ಮನೆಗೆ ಹೋಗಲ್ಲ. ಅಲ್ಲಿ ಕ್ರ್ಯಾಶ್ ಬರುತ್ತೆ, ಕೊನೆಯಲ್ಲಿ, ಲಯ ಏರಿ ಏರಿ ತುದಿ ಮುಟ್ಟಿದಾಗ.

ಮತ್ತೊಂದು ವಾದ ಕೀಬೋರ್ಡಿನವರದ್ದು: "ತಾಳದ ಸ್ಯಾಂಪಲ್ ಇದೆ, ಪ್ಯಾಡ್‌ನಲ್ಲಿ ಲೂಪ್ ಹಾಕ್ತೀವಿ." ಸ್ವಾಮೀ, ಕಂಚಿಗೆ ಎರಡನೇ ಏಟು ಬೀಳೋ ಹೊತ್ತಿಗೆ ಅದು ಮೊದಲ ಏಟಿಗೆ ಇನ್ನೂ ನಡುಗ್ತಾ ಇರುತ್ತೆ. ನಡುಗೋ ಬಿಲ್ಲೆಗೆ ಬಿದ್ದ ಏಟಿನ ಸದ್ದೇ ಬೇರೆ, ಸುಮ್ಮನಿದ್ದ ಬಿಲ್ಲೆಯ ಸದ್ದೇ ಬೇರೆ. ಅದರ ಮೇಲೆ ತಾಳದವನು ಅಂಗೈ ಮುಚ್ಚಿ ಅರ್ಧ ಕೊಲ್ತಾನೆ, ಅಂಚಿಗೆ ಅಂಚು ಸವರ್ತಾನೆ, ಹಾಡುಗಾರ ಉಸಿರು ಎಳ್ಕೊಂಡ ಅಂತ ಕಂಡ್ರೆ ಕೂದಲೆಳೆಯಷ್ಟು ತಡೀತಾನೆ. ನಿಮ್ಮ ಪ್ಯಾಡು ಒಂದೇ ಏಟಿನ ಫೋಟೋ ತೆಗೆದು ನೂರು ಸಲ ಅಂಟಿಸುತ್ತೆ. ನಾಲ್ಕೈದು ಬೇರೆ ಬೇರೆ ಸ್ಯಾಂಪಲ್ ತಿರುಗಿಸಿ ತಿರುಗಿಸಿ ಹಾಕಿದ್ರೂ ಅಷ್ಟೇ, ನಾಲ್ಕೈದು ಫೋಟೋ. ಸ್ಟುಡಿಯೋದಲ್ಲಿ ಜಾಹೀರಾತಿಗೆ ಸಾಕಾಗಬಹುದು. ಹಾಡುಗಾರನ ಉಸಿರಿಗೆ ಕಾಯೋ ಕೆಲಸ ಅದರ ಕೈಲಾಗಲ್ಲ.

ಹಾಗಾದ್ರೆ ಏನು ಮಾಡಬೇಕು ಅಂತೀರಾ? ಫ್ಯೂಷನ್ ಮಾಡೋರಿಗೆ ನನ್ನ ಸಲಹೆ ತುಂಬ ಸರಳ. ತಾಳದವರ ಮುಂದೆ ಒಂದು ಮೈಕ್ ಇಡಿ, ಅದನ್ನ ಎಲ್ಲರ ಮಾನಿಟರಿಗೂ ಕಳಿಸಿ, ಡ್ರಮ್ಮರ್ ಕಿವಿಯಿಂದ ಕ್ಲಿಕ್ ತೆಗೀರಿ. ಡ್ರಮ್ಮರ್ ಆ ಹಾಡಿನಲ್ಲಿ ರೈಡ್ ಮುಟ್ಟದೇ ಇರಲಿ, ಆ ಜಾಗ ತಾಳಕ್ಕೆ ಬಿಡಲಿ. ಬೇಕಾದ್ರೆ ಅವನೇ ಕ್ರ್ಯಾಶ್ ಹೊಡ್ಕೊಳ್ಳಲಿ, ಅದು ಅವನ ಹತ್ರ ಹೇಗೂ ಇದೆ. ಇದನ್ನ ನಮ್ಮ ಶನಿವಾರದ ಬ್ಯಾಂಡಿನಲ್ಲೇ ಮಾಡಿ ನೋಡಿದ್ವಿ, ಭಜನೆ ಮನೆತನದ ಗೆಳೆಯನೊಬ್ಬ ತಾಳ ತಂದಿದ್ದ. ಮೊದಲ ಹತ್ತು ನಿಮಿಷ ಬೇಸ್ ಗಿಟಾರಿನವನು ಒದ್ದಾಡಿದ. ಲಯ ಮೆಟ್ರೊನೋಮ್ ಥರ ನೆಟ್ಟಗೆ ನಿಲ್ಲಲ್ಲ, ಹಾಡು ಬಿಸಿ ಏರಿದ ಹಾಗೆ ಒಂಚೂರು ಮುಂದಕ್ಕೆ ಓಡುತ್ತೆ. ಆಮೇಲೆ ಎಲ್ಲರೂ ಅದರ ಬೆನ್ನು ಹತ್ತಿದ್ವಿ. ಆ ದಿನ ಪಕ್ಕದ ಮನೆಯವರು ಬೈಯೋಕೆ ಬರಲಿಲ್ಲ, ಇದೂ ಒಂದು ದಾಖಲೆ.

ಆ ಮಂಡ್ಯದ ಹುಡುಗ ಎರಡು ಕ್ರ್ಯಾಶ್ ಮಾರೋಕೆ ಇಟ್ಟಿದ್ದಾನೆ. ಒಂದು 16 ಇಂಚು, ಒಂದು 18. 20 ಇಂಚಿನ ಸೆಕೆಂಡ್ ಹ್ಯಾಂಡ್ ರೈಡ್ ಯಾರ ಹತ್ರಾದ್ರೂ ಇದ್ರೆ, ಬಿರುಕು ಬಿಟ್ಟಿರದಿದ್ರೆ, ಅದಲುಬದಲಿಗೂ ಸೈ ಅಂತ ಹೇಳೋಕೆ ಹೇಳಿದ್ದಾನೆ.